ಹಾಡು ಯಾರದು, ರೆಕಾರ್ಡು ಯಾರದು? ಡಾಲಿ ಪಾರ್ಟನ್ ಕಥೆ ಓದಿದ ಮಗಳು ಸಹಿ ಹಾಕಲು ಒಪ್ಪುತ್ತಿಲ್ಲ

ಪ್ರಶ್ನೆ: ನಾನು ರಾಣೆಬೆನ್ನೂರಿನಲ್ಲಿ ಟೇಲರ್. ಮಗಳಿಗೆ 20 ವರ್ಷ, ಬಿ.ಕಾಂ. ಓದುತ್ತಿದ್ದಾಳೆ. ಹತ್ತನೇ ತರಗತಿಯಿಂದಲೂ ತಾನೇ ಹಾಡು ಬರೆದು, ಮಟ್ಟು ಹಾಕಿ, ಗಿಟಾರ್ ಹಿಡಿದು ಹಾಡುತ್ತಾಳೆ. ಮೊಬೈಲಿನಲ್ಲಿ ಅವಳು ಹಾಕಿದ ಹಾಡು ಕೇಳಿ ಸಂಗೀತ ಕಂಪನಿಯೊಂದು 12 ಹಾಡುಗಳಿಗೆ ಒಟ್ಟು 60 ಸಾವಿರ ರೂಪಾಯಿ ಕೊಡುವುದಾಗಿ ಹೇಳಿದೆ. ಒಪ್ಪಂದ ಇಂಗ್ಲಿಷಿನಲ್ಲಿದೆ, 11 ಪುಟ. ನನಗೆ ಓದಲು ಬರುವುದಿಲ್ಲ. ಎಲ್ಲ ಹಕ್ಕುಗಳೂ ಶಾಶ್ವತವಾಗಿ ಕಂಪನಿಯವು, ಐದು ವರ್ಷ ಬೇರೆಲ್ಲೂ ಹಾಡುವಂತಿಲ್ಲ ಎಂದು ಬರೆದಿದೆಯಂತೆ. ಮಗಳು ಅಮೆರಿಕದ ಡಾಲಿ ಪಾರ್ಟನ್ ಎಂಬ ಗಾಯಕಿಯ ಕಥೆ ಓದಿದ್ದಾಳೆ. 'ಆಕೆ ನಮಗಿಂತ ಬಡವಿ. ದೊಡ್ಡ ತಾರೆ ಎಲ್ವಿಸ್ ಪ್ರೀಸ್ಲಿಗೇ ಹಾಡು ಕೊಡಲಿಲ್ಲ, ಅದಕ್ಕೇ ಅಷ್ಟು ಎತ್ತರಕ್ಕೆ ಹೋದರು. ನಾನೂ ಸಹಿ ಹಾಕುವುದಿಲ್ಲ' ಎನ್ನುತ್ತಾಳೆ. ನನ್ನ ತಲೆಯ ಮೇಲೆ ಹೊಲಿಗೆ ಯಂತ್ರದ ಸಾಲವಿದೆ. ಅವಳ ಆಸೆಯೂ ಕೆಡಬಾರದು, ಬದುಕೂ ಕೆಡಬಾರದು. ಆ ಕಥೆ ನಿಜವೇ? ನಮ್ಮಂಥವರು ಹಾಗೆ ಬೇಡ ಎನ್ನಬಹುದೇ? ಶುಕ್ರವಾರದೊಳಗೆ ಉತ್ತರ ಕೊಡಬೇಕಂತೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಸಹಿ ಹಾಕಿದರೆ ಮಗಳು ಕೈಯಾರೆ ತನ್ನ ಹಾಡುಗಳನ್ನು ಕಳೆದುಕೊಂಡಾಳು ಎಂಬುದು ಒಂದು. ಹಾಕದಿದ್ದರೆ ಬಾಗಿಲಿಗೆ ಬಂದ ಅವಕಾಶ ಹಿಂದಿರುಗಿ ಹೋದೀತು ಎಂಬುದು ಇನ್ನೊಂದು. ಸಂಗೀತದ ಕೃತಿಸ್ವಾಮ್ಯದ (ಕಾಪಿರೈಟ್) ವಕೀಲಿಕೆ ಮಾಡುವ ನನ್ನ ಮೇಜಿನ ಮುಂದೆ ಕುಳಿತ ಎಷ್ಟೋ ತಂದೆ ತಾಯಿಯರ ಮುಖದಲ್ಲಿ ಇವೆರಡನ್ನೂ ಒಟ್ಟಿಗೇ ಕಂಡಿದ್ದೇನೆ. ಎರಡೂ ನ್ಯಾಯವಾದ ಭಯಗಳೇ.

ಮೊದಲು ಕಥೆಯ ಮಾತು. ಮಗಳು ಓದಿದ್ದು ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧದಲ್ಲೇ ನಿಮಗೆ ಬೇಕಾದ ಉತ್ತರವಿದೆ. ಅದಕ್ಕಾಗಿ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಡಾಲಿ ಪಾರ್ಟನ್ ಹುಟ್ಟಿದ್ದು 1946ರ ಜನವರಿ 19ರಂದು, ಟೆನೆಸ್ಸಿ ರಾಜ್ಯದ ಪೂರ್ವದ ಗುಡ್ಡಗಾಡಿನಲ್ಲಿ, ಒಂದೇ ಕೋಣೆಯ ಮರದ ಮನೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಅಪ್ಪ ರಾಬರ್ಟ್ ಲೀ ಮೊದಲು ಪರರ ಹೊಲವನ್ನು ಕೋರಿಗೆ ಮಾಡಿ, ಆಮೇಲೆ ತನ್ನದೇ ತುಂಡು ಭೂಮಿಯಲ್ಲಿ ಹೊಗೆಸೊಪ್ಪು ಬೆಳೆದವರು. ಹೆರಿಗೆ ಮಾಡಿಸಿದ ವೈದ್ಯರಿಗೆ ಕೊಡಲು ಹಣವಿರಲಿಲ್ಲ, ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಅಮ್ಮ ಏವಿ ಲೀ ಬಳಿ ಹಣವಿರಲಿಲ್ಲ, ಹಾಡುಗಳಿದ್ದವು. ಬ್ರಿಟನ್ನಿನಿಂದ ವಲಸೆ ಬಂದವರು ತಲೆಮಾರುಗಳಿಂದ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಕಥನಗೀತೆಗಳು ಅವು. ನಮ್ಮ ಬೀಸುವ ಕಲ್ಲಿನ ಪದಗಳ ಹಾಗೆ, ಯಾರು ಕಟ್ಟಿದ್ದೆಂದು ಯಾರಿಗೂ ತಿಳಿಯದ ಹಾಡುಗಳು.

ನೀವು ಬಟ್ಟೆಯ ಕೆಲಸದವರಾದ್ದರಿಂದ ಒಂದು ಸಂಗತಿ ನಿಮಗೆ ಹೇಳಲೇಬೇಕು. ಒಂದು ಚಳಿಗಾಲ ಆ ತಾಯಿ, ಯಾರೋ ಕೊಟ್ಟ ಚಿಂದಿ ತುಂಡುಗಳನ್ನು ಕೌದಿಯಂತೆ ಜೋಡಿಸಿ ಮಗಳಿಗೊಂದು ಕೋಟು ಹೊಲಿದುಕೊಟ್ಟರು. ಹುಡುಗಿ ಹೆಮ್ಮೆಯಿಂದ ತೊಟ್ಟು ಶಾಲೆಗೆ ಹೋದರೆ ಮಕ್ಕಳೆಲ್ಲ ನಕ್ಕರು. ಎಷ್ಟೋ ವರ್ಷಗಳ ಮೇಲೆ ಆ ಅವಮಾನವೇ 'ಕೋಟ್ ಆಫ್ ಮೆನಿ ಕಲರ್ಸ್' ಎಂಬ ಹಾಡಾಯಿತು. ಊರೂರು ತಿರುಗುವ ಬಸ್ಸಿನಲ್ಲಿ ಹಾಡು ಹೊಳೆದಾಗ ಕೈಗೆ ಕಾಗದ ಸಿಗದೆ, ಬಟ್ಟೆ ಒಗೆಸಿದ ರಸೀದಿಯ ಹಿಂಬದಿಯಲ್ಲಿ ಅದನ್ನು ಬರೆದರಂತೆ. 1971ರಲ್ಲಿ ಹೊರಬಂದ ಆ ಹಾಡನ್ನು ಅವರು ತಮ್ಮ ಹಾಡುಗಳಲ್ಲೆಲ್ಲ ಅತ್ಯಂತ ಪ್ರಿಯವಾದದ್ದು ಎಂದು ಹೇಳುತ್ತಾ ಬಂದಿದ್ದಾರೆ.

ಬಡತನ ಇತ್ತು, ನಿಜ. ಆದರೆ ಬಡತನವೇ ಅವರನ್ನು ಮೇಲೆ ತಂದಿತು ಎಂಬ ಮಾತನ್ನು ಮಾತ್ರ ನಂಬಬೇಡಿ. ಆ ಗುಡ್ಡದಲ್ಲಿ ಅಷ್ಟೇ ಬಡವರಾದ, ಅಷ್ಟೇ ಇಂಪಾಗಿ ಹಾಡುವ ಹೆಣ್ಣುಮಕ್ಕಳು ಇನ್ನೂ ಇದ್ದಿರಲೇಬೇಕು. ಡಾಲಿಗೆ ಇದ್ದದ್ದು ಬಿಲ್ ಓವೆನ್ಸ್ ಎಂಬ ಸೋದರಮಾವ. ಸ್ವತಃ ಹಾಡು ಕಟ್ಟುವವರು. ಎಂಟರ ಆಸುಪಾಸಿನ ವಯಸ್ಸಿನಲ್ಲಿ ಆಕೆಯ ಕೈಗೆ ನಿಜವಾದ ಗಿಟಾರ್ ಕೊಟ್ಟವರು, ನಾಕ್ಸ್‌ವಿಲ್ ಪಟ್ಟಣದಲ್ಲಿ ಕ್ಯಾಸ್ ವಾಕರ್ ಎಂಬ ದಿನಸಿ ವ್ಯಾಪಾರಿ ನಡೆಸುತ್ತಿದ್ದ ರೇಡಿಯೋ ಕಾರ್ಯಕ್ರಮಕ್ಕೆ ಕರೆದೊಯ್ದವರು, ಮುಂದೆ ಸಂಗೀತ ಕಂಪನಿಗಳ ನಗರವಾದ ನ್ಯಾಶ್‌ವಿಲ್‌ನ ಬಾಗಿಲುಗಳನ್ನು ಆಕೆಯೊಂದಿಗೆ ತಟ್ಟಿದವರು. ಹತ್ತನೆಯ ವಯಸ್ಸಿಗೆ ರೇಡಿಯೋ. ಹದಿಮೂರಕ್ಕೆ ಅಜ್ಜಿಯ ಜೊತೆ ದೂರದ ಲೂಸಿಯಾನಾಕ್ಕೆ ಬಸ್ಸಿನಲ್ಲಿ ಹೋಗಿ ಮೊದಲ ರೆಕಾರ್ಡು. ಅದು ಓಡಲಿಲ್ಲ. 1962ರಲ್ಲಿ ಇನ್ನೊಂದು ಕಂಪನಿಯಿಂದ ಇನ್ನೊಂದು ರೆಕಾರ್ಡು, ಅದೂ ಓಡಲಿಲ್ಲ. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ನ್ಯಾಶ್‌ವಿಲ್‌ಗೆ ಬಸ್ಸು ಹತ್ತಿದರು. ಅಲ್ಲಿ ಹೊಟ್ಟೆಗಿಲ್ಲದ ದಿನಗಳಲ್ಲಿ ಬಿಸಿನೀರಿಗೆ ಕೆಚಪ್ ಕಲಸಿ ಕುಡಿದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹತ್ತರಲ್ಲಿ ಶುರುವಾದದ್ದು, ಹೆಸರು ತಕ್ಕಮಟ್ಟಿಗೆ ಕೇಳಿಬಂದದ್ದು 1967ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ. ಒಂದೇ ಹಾಡಿಗೆ ಬೆಳಗಾಗುವುದರೊಳಗೆ ತಾರೆಯಾದರು ಎನ್ನುವುದು ಹೇಳಲು ಚೆಂದ, ನಡೆದದ್ದು ಹಾಗಲ್ಲ.

ಈ ವರ್ಷಗಳಲ್ಲಿ ಅವರು ಎಷ್ಟು ಸಲ ತಲೆಬಾಗಿದರು ಎಂಬುದನ್ನು ನಿಮ್ಮ ಮಗಳು ಗಮನಿಸಬೇಕು. 1965ರಲ್ಲಿ ಸಹಿ ಹಾಕಿದ ಮಾನ್ಯುಮೆಂಟ್ ಎಂಬ ಕಂಪನಿ, ಈ ಕೀರಲು ದನಿ ಅಮೆರಿಕದ ಹಳ್ಳಿಗಾಡಿನ ಶೈಲಿಯಾದ ಕಂಟ್ರಿ ಸಂಗೀತಕ್ಕೆ ಒಗ್ಗದು ಎಂದು ಆಕೆಯಿಂದ ಪಾಪ್ ಹಾಡುಗಳನ್ನೇ ಹಾಡಿಸಿತು. ಹಾಡಿದರು. ಮಾವನ ಜೊತೆ ಸೇರಿ ಬರೆದ ಒಂದು ಹಾಡನ್ನು 1966ರಲ್ಲಿ ಬಿಲ್ ಫಿಲಿಪ್ಸ್ ಎಂಬ ಗಾಯಕ ಹಾಡಿ ಗೆದ್ದಾಗ ಹಿನ್ನೆಲೆಯಲ್ಲಿ ದನಿಗೂಡಿಸಿದ್ದು ಡಾಲಿಯೇ. ರೆಕಾರ್ಡಿನ ಮೇಲೆ ಅವರ ಹೆಸರಿರಲಿಲ್ಲ. 1967ರಲ್ಲಿ ಪೋರ್ಟರ್ ವ್ಯಾಗನರ್ ಎಂಬ ದೊಡ್ಡ ಗಾಯಕರ ದೂರದರ್ಶನ ಕಾರ್ಯಕ್ರಮಕ್ಕೆ ಸೇರಿದಾಗ, ಹಿಂದಿನ ಗಾಯಕಿಯೇ ಬೇಕೆಂದು ಪ್ರೇಕ್ಷಕರು ಕೂಗಿದರು. ಆ ಕೂಗಿನ ನಡುವೆ ನಿಂತು ಹಾಡಿದರು. ಏಳು ವರ್ಷ ಇನ್ನೊಬ್ಬರ ವೇದಿಕೆಯಲ್ಲಿ ಎರಡನೆಯವರಾಗಿ ನಿಂತರು.

ದನಿ, ವೇದಿಕೆ, ಉಡುಪು, ಸಮಯ, ಎಲ್ಲದರಲ್ಲೂ ಹೊಂದಿಕೊಂಡರು. ಒಂದನ್ನು ಮಾತ್ರ ತೀರ ಬೇಗ ಭದ್ರಮಾಡಿಕೊಂಡರು. ಕೈಯಲ್ಲಿ ಇನ್ನೂ ಕಾಸಿಲ್ಲದ 1966ರ ಹೊತ್ತಿಗೇ ಮಾವನ ಜೊತೆ ಸೇರಿ ತಮ್ಮ ಹಾಡುಗಳಿಗೆ ತಮ್ಮದೇ ಪಬ್ಲಿಷಿಂಗ್ ಸಂಸ್ಥೆ, ಅಂದರೆ ಸಾಹಿತ್ಯ ಮತ್ತು ಮಟ್ಟಿನ ಹಕ್ಕು ನೋಡಿಕೊಳ್ಳುವ ಸಂಸ್ಥೆ, ಕಟ್ಟಿದರು. ಓವೆನ್ಸ್ ಮತ್ತು ಪಾರ್ಟನ್ ಹೆಸರುಗಳ ಮೊದಲ ಭಾಗ ಜೋಡಿಸಿ 'ಓ-ಪಾರ್' ಎಂದು ಹೆಸರಿಟ್ಟರು. ಅವರ ಜೀವನದಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸುವ ಸಂಗತಿ ಇದು. ಅಪ್ಪನಿಗೆ ಅಕ್ಷರ ಬಾರದ ಮನೆಯ ಹುಡುಗಿ, ಇಪ್ಪತ್ತರ ವಯಸ್ಸಿನಲ್ಲಿ, ಹಾಡು ಹಾಡುವುದು ಬೇರೆ, ಹಾಡಿನ ಒಡೆತನ ಬೇರೆ ಎಂಬುದನ್ನು ಅರಿತುಕೊಂಡಿದ್ದರು. ಇಂದಿಗೂ ನನ್ನ ಬಳಿ ಬರುವ ಪದವೀಧರ ಕಲಾವಿದರಲ್ಲಿ ಹೆಚ್ಚಿನವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಅದನ್ನು ನಿಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ನೀವು ಒಂದು ಹೊಸ ಮಾದರಿಯ ರವಿಕೆಗೆ ಕಾಗದದ ಪಡಿಯಚ್ಚು ಕತ್ತರಿಸುತ್ತೀರಿ. ಆ ಅಚ್ಚು ಹಿಡಿದು ನೂರು ರವಿಕೆ ಹೊಲಿಯಬಹುದು, ಬೇರೆಯವರೂ ಹೊಲಿಯಬಹುದು. ಸಾಹಿತ್ಯ ಮತ್ತು ಮಟ್ಟು ಆ ಅಚ್ಚು. ಧ್ವನಿಮುದ್ರಿಕೆ ಒಂದು ರವಿಕೆ. ಕಾನೂನಿನ ಕಣ್ಣಿಗೆ ಇವು ಬೇರೆ ಬೇರೆ ಸ್ವತ್ತುಗಳು. ಕಂಪನಿ ಹಣ ಹಾಕಿ ರೆಕಾರ್ಡ್ ಮಾಡಿಸಿದರೆ ಆ ರವಿಕೆ ಅವರದಾಗಲಿ, ತಪ್ಪಿಲ್ಲ. ಅಚ್ಚನ್ನೂ ಎತ್ತಿಕೊಂಡು ಹೋಗುತ್ತೇವೆ ಎಂದಾಗ ನಾವು ಎಚ್ಚರಗೊಳ್ಳಬೇಕು.

ಈಗ ಎಲ್ವಿಸ್ ಪ್ರಸಂಗ. ಪೋರ್ಟರ್ ಅವರ ನೆರಳಿನಿಂದ ಹೊರಬರಲು ನಿರ್ಧರಿಸಿದಾಗ ಡಾಲಿಯು ಪೋರ್ಟರ್‌ಗೆಂದೇ ಬರೆದ ವಿದಾಯದ ಹಾಡು 'ಐ ವಿಲ್ ಆಲ್ವೇಸ್ ಲವ್ ಯೂ'. 1974ರಲ್ಲಿ ಅದು ಅವರ ದನಿಯಲ್ಲೇ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಎಲ್ವಿಸ್ ಅದನ್ನು ಹಾಡಲು ಬಯಸಿದರು. ಅವರ ವ್ಯವಸ್ಥಾಪಕ ಕರ್ನಲ್ ಟಾಮ್ ಪಾರ್ಕರ್, ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಟ್ಟರೆ ಮಾತ್ರ ಎಂದು ಕಡೆಯ ಗಳಿಗೆಯಲ್ಲಿ ಷರತ್ತು ಹಾಕಿದರು. ಡಾಲಿ ಒಪ್ಪಲಿಲ್ಲ. ಆ ರಾತ್ರಿಯೆಲ್ಲ ಅತ್ತೆ ಎಂದು ಅವರೇ ಹೇಳಿದ್ದಾರೆ. ಅಂದರೆ ಎಲ್ವಿಸ್ ಹಾಡಬಾರದು ಎಂದು ಅವರು ಹೇಳಿದ್ದೇ ಇಲ್ಲ, ಹಾಡಲಿ ಎಂದು ಹಂಬಲಿಸಿದ್ದರು. ಅಮೆರಿಕದ ಕಾನೂನಿನಲ್ಲಿ ಒಮ್ಮೆ ರೆಕಾರ್ಡಾಗಿ ಬಿಡುಗಡೆಯಾದ ಹಾಡನ್ನು, ನಿಗದಿಯಾದ ರಾಯಲ್ಟಿ, ಅಂದರೆ ಬಳಕೆಯ ಹಣ, ಕೊಟ್ಟು ಯಾರು ಬೇಕಾದರೂ ಮತ್ತೆ ರೆಕಾರ್ಡ್ ಮಾಡಬಹುದು. ಪಾರ್ಕರ್ ಕೇಳಿದ ಅರ್ಧಪಾಲು ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಎಲ್ವಿಸ್ ಹೆಸರಿನ ಬಲದಿಂದ ಆತ ಹಾಕುತ್ತಿದ್ದ ವ್ಯಾಪಾರದ ಪಟ್ಟು ಅದು. ಆ ಕಾಲದ ಅನೇಕರು ಅದಕ್ಕೆ ಮಣಿದಿದ್ದರು.

1992ರಲ್ಲಿ ಗಾಯಕಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು 'ದಿ ಬಾಡಿಗಾರ್ಡ್' ಚಿತ್ರಕ್ಕೆ ಹಾಡಿದರು. ಅಮೆರಿಕದ ಪಟ್ಟಿಯಲ್ಲಿ 14 ವಾರ ಅದೇ ಮೊದಲನೆಯದು. ಆ ದನಿ ವಿಟ್ನಿಯವರದು, ರೆಕಾರ್ಡು ಅವರ ಕಂಪನಿಯದು. ಆದರೆ ಅಮೆರಿಕದ ಸಾಮಾನ್ಯ ರೇಡಿಯೋ ಕೇಂದ್ರಗಳು ಹಾಡು ಹಾಕಿದಾಗ ಗಾಯಕರಿಗಾಗಲಿ ರೆಕಾರ್ಡ್ ಕಂಪನಿಗಾಗಲಿ ಕಾನೂನಿನ ಪ್ರಕಾರ ಏನನ್ನೂ ಕೊಡಬೇಕಿಲ್ಲ, ಬರೆದವರಿಗೆ ಮತ್ತು ಪಬ್ಲಿಷರ್‌ಗೆ ಕೊಡಬೇಕು. ಎರಡೂ ಡಾಲಿಯೇ. ವಿಟ್ನಿ ದನಿ ರೇಡಿಯೋದಲ್ಲಿ ಮೊಳಗಿದಷ್ಟು ಸಲವೂ ಹಣ ಹೋದದ್ದು ಡಾಲಿಯ ಮನೆಗೆ. ಹದಿನೆಂಟು ವರ್ಷಗಳ ಹಿಂದೆ ಅರ್ಧ ಬಿಟ್ಟುಕೊಟ್ಟಿದ್ದರೆ ಆ ಪಬ್ಲಿಷಿಂಗ್ ಪಾಲಿನ ಅರ್ಧ ಬೇರೆಯವರ ಕೈಸೇರುತ್ತಿತ್ತು.

ಆದರೆ ಬೇಡ ಎಂದಾಗ ಡಾಲಿ ಯಾವ ಸ್ಥಿತಿಯಲ್ಲಿದ್ದರು? ವಯಸ್ಸು 28. ಏಳು ವರ್ಷ ನಿಯಮಿತ ಸಂಬಳ ಕಂಡಿದ್ದರು. ಹಾಡು ಆಗಲೇ ಗೆದ್ದಿತ್ತು. ಎಲ್ವಿಸ್ ಹಾಡದಿದ್ದರೆ ದುಃಖ, ಉಪವಾಸವಲ್ಲ. ನಿಮ್ಮ ಮಗಳು ಹೋಲಿಸಿಕೊಳ್ಳಬೇಕಾದದ್ದು 1974ರ ಡಾಲಿಯೊಂದಿಗೆ ಅಲ್ಲ, 1965ರ ಡಾಲಿಯೊಂದಿಗೆ. ಆ ಡಾಲಿ ಸಹಿ ಹಾಕಿದ್ದರು. ಮರುವರ್ಷವೇ ಹಾಡಿನ ಒಡೆತನವನ್ನೂ ಭದ್ರಮಾಡಿಕೊಂಡರು.

ಇನ್ನೊಂದು ಮಾತು ಕಥೆಗಳಲ್ಲಿ ಬಿಟ್ಟುಹೋಗುತ್ತದೆ. ಪೋರ್ಟರ್ ಅವರಿಂದ ಬಿಡುಗಡೆ ಆ ಒಂದು ಹಾಡಿನಿಂದ ಆಗಲಿಲ್ಲ. 1979ರಲ್ಲಿ ಒಪ್ಪಂದ ಮುರಿದರೆಂದು ಅವರು ಡಾಲಿಯ ಮೇಲೆ 30 ಲಕ್ಷ ಡಾಲರ್‌ಗಳ ದಾವೆ ಹೂಡಿದರು. ಕೊನೆಗೆ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಪೋರ್ಟರ್ ಕೆಟ್ಟವರಲ್ಲ. ಆಕೆಯನ್ನು ಮೇಲೆತ್ತಿದವರೇ ಅವರು, ಕೊನೆಗಾಲದಲ್ಲಿ ಇಬ್ಬರೂ ಸ್ನೇಹಿತರಾಗಿಯೇ ಇದ್ದರು. ಉಪಕಾರ ಮಾಡಿದವರ ಕೈಯಲ್ಲೂ ಕಾಗದವಿದ್ದರೆ ಒಂದು ದಿನ ಅದು ಮಾತಾಡುತ್ತದೆ. ನಿಮ್ಮ ಮಗಳನ್ನು ಕರೆದ ಕಂಪನಿಯವರೂ ಒಳ್ಳೆಯವರೇ ಇರಬಹುದು. ಆದರೂ ಕಾಗದವನ್ನು ಕಾಗದವಾಗಿಯೇ ಓದಬೇಕು.

ಹಾಗಾದರೆ ನಿಮ್ಮ 11 ಪುಟಗಳಿಗೆ ಬರುತ್ತೇನೆ.

ನಮ್ಮ ದೇಶದ ಕಾನೂನು ಒಂದು ವಿಷಯದಲ್ಲಿ ನಿಮ್ಮ ಮಗಳ ಪರವಾಗಿ ಗಟ್ಟಿಯಾಗಿ ನಿಂತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತಕ್ಕೆ ಬರುವ ರಾಯಲ್ಟಿಯಲ್ಲಿ ಕರ್ತೃವಿಗೆ ಸಮಪಾಲು ಸಲ್ಲಬೇಕು. ಆ ಪಾಲನ್ನು ಕರ್ತೃ ತನ್ನ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ಕಂಪನಿ 'ಶಾಶ್ವತವಾಗಿ ಎಲ್ಲವೂ ನಮ್ಮದು' ಎಂದು ಬರೆಸಿಕೊಂಡರೂ ಆ ಪಾಲು ಹೋಗುವುದಿಲ್ಲ. ಆದರೆ ಹಕ್ಕಿದ್ದ ಮಾತ್ರಕ್ಕೆ ಹಣ ಮನೆಗೆ ನಡೆದು ಬರುವುದಿಲ್ಲ. ಅದನ್ನು ವಸೂಲು ಮಾಡಿ ಹಂಚುವ ಸಂಸ್ಥೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, 1969ರಿಂದ ಇರುವುದು. ಮಗಳು ಕರ್ತೃವಾಗಿ ಅದರ ಸದಸ್ಯೆಯಾಗಬೇಕು, ಪ್ರತಿ ಹಾಡನ್ನೂ ತನ್ನ ಹೆಸರಿನಲ್ಲಿ ಅಲ್ಲಿ ದಾಖಲಿಸಬೇಕು. ಸಾಧ್ಯವಾದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ.

ಎರಡನೆಯದು ಅವಧಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಎಣಿಸುತ್ತದೆ. ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ 'ಶಾಶ್ವತ', 'ವಿಶ್ವದಾದ್ಯಂತ' ಎಂದು ಎದ್ದುಕಾಣುವಂತೆ ಬರೆಯುತ್ತಾರೆ. ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಬಿಟ್ಟರೆ ಅದು ಕರ್ತೃವಿಗೆ ಮರಳುತ್ತದೆ ಎಂಬ ಕಲಮೂ ಇದೆ, ಆದರೆ ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಅದು ಅನ್ವಯಿಸುವುದಿಲ್ಲ. ಆ 'ಬೇರೆ ರೀತಿ' ಎಲ್ಲಿ ಅಡಗಿದೆ ಎಂದು ಹುಡುಕಿ. ಸಾಮಾನ್ಯವಾಗಿ ಕೊನೆಯ ಎರಡು ಪುಟಗಳಲ್ಲಿ ಇರುತ್ತದೆ.

ನನ್ನನ್ನು ನಿಜವಾಗಿ ಕಳವಳಗೊಳಿಸಿದ್ದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಆ ಐದು ವರ್ಷದ ಮಾತು. ಇಪ್ಪತ್ತರಿಂದ ಇಪ್ಪತ್ತೈದು ಹಾಡುಗಾರರ ಬೆಳೆಯುವ ವಯಸ್ಸು. ಕಂಪನಿ 12 ಹಾಡು ರೆಕಾರ್ಡ್ ಮಾಡಿ, ಬಿಡುಗಡೆ ಮಾಡದೆ ಕಪಾಟಿನಲ್ಲಿಟ್ಟರೆ? ಬೇರೆಲ್ಲೂ ಹಾಡುವಂತಿಲ್ಲ, ತನ್ನ ಹಾಡನ್ನು ತಾನೇ ಊರ ಜಾತ್ರೆಯಲ್ಲಿ ಹಾಡಲೂ ಅನುಮತಿ ಕೇಳಬೇಕು. ಉದ್ಯೋಗಕ್ಕೆ ತಡೆಯೊಡ್ಡುವ ಒಪ್ಪಂದ ಅನೂರ್ಜಿತ ಎಂಬ ಕಲಂ ನಮ್ಮ ಕರಾರು ಕಾಯ್ದೆಯಲ್ಲಿದೆಯಲ್ಲ ಎಂದು ಯಾರಾದರೂ ಧೈರ್ಯ ಹೇಳಬಹುದು. ಅದನ್ನು ನೆಚ್ಚಬೇಡಿ. ಒಪ್ಪಂದ ಜಾರಿಯಲ್ಲಿರುವ ಅವಧಿಯ ಇಂಥ ನಿರ್ಬಂಧವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುತ್ತವೆ.

ಕ್ಯಾಸೆಟ್ ಕಾಲದ ಹಾಡುಗಾರರೊಬ್ಬರು ಒಮ್ಮೆ ನನ್ನ ಬಳಿಗೆ ಬಂದಿದ್ದರು. ಸ್ಟಾಂಪ್ ಕಾಗದದ ಮೇಲೆ ಒಂದೇ ಸಹಿಯಲ್ಲಿ ತಮ್ಮ ಹಾಡುಗಳನ್ನೆಲ್ಲ ಕೊಟ್ಟು, ಬಂದ ಹಣದಲ್ಲಿ ಮಗಳ ಮದುವೆ ಮಾಡಿದ್ದರು. ಹಣಕ್ಕಾಗಿ ಅವರು ಅತ್ತಿರಲಿಲ್ಲ. ಯಾವುದೋ ವೇದಿಕೆಯಲ್ಲಿ ತಮ್ಮ ಹಾಡಿಗೆ ಬೇರೊಬ್ಬರ ಹೆಸರು ಹೇಳಿದ್ದನ್ನು ಕೇಳಿಸಿಕೊಂಡು ಬಂದಿದ್ದರು. ಕರ್ತೃವಿನ ಹೆಸರಿನ ಹಕ್ಕು ಕೃತಿಸ್ವಾಮ್ಯ ಮಾರಿದ ಮೇಲೂ ಉಳಿಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಕಾಯ್ದೆಯ 57ನೇ ಕಲಂ. ಅವರ ಹೆಸರನ್ನು ಮರಳಿ ಹಾಕಿಸಲು ನಮಗೆ ಸಾಧ್ಯವಾಯಿತು. ಹಾಡುಗಳನ್ನು ಮರಳಿಸಲು ಆಗಲಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳು ಹೀಗಿವೆ. ಇದ್ದಂತೆಯೇ ಸಹಿ ಹಾಕಿದರೆ 60 ಸಾವಿರ ಕೈಗೆ ಬರುತ್ತದೆ, ಸಾಲದ ಭಾರ ಒಂದಿಷ್ಟು ಇಳಿಯುತ್ತದೆ, ದನಿ ನಾಲ್ಕು ಜನರಿಗೆ ತಲುಪಲೂಬಹುದು. ಪ್ರತಿಯಾಗಿ ಒಂದು ಹಾಡಿಗೆ ಐದು ಸಾವಿರದಂತೆ 12 ಅಚ್ಚುಗಳೂ, ಐದು ವರ್ಷಗಳೂ ಹೋಗುತ್ತವೆ. ಇದನ್ನು ನಾನು ಸೂಚಿಸಲಾರೆ. ಪೂರ್ತಿ ಬೇಡ ಎಂದು, ಮಗಳು ತಾನೇ ಹಾಡುಗಳನ್ನು ಬಿಡುಗಡೆ ಮಾಡುವುದೂ ಈಗ ಕಷ್ಟವಿಲ್ಲ. ಸಣ್ಣ ಶುಲ್ಕಕ್ಕೆ ಎಲ್ಲ ಆ್ಯಪ್‌ಗಳಿಗೂ ಹಾಡು ತಲುಪಿಸುವ ಸೇವೆಗಳಿವೆ, ಒಡೆತನ ಪೂರ್ತಿ ಅವಳದೇ ಉಳಿಯುತ್ತದೆ. ಅಪಾಯವೆಂದರೆ ಸಾವಿರಾರು ಹಾಡುಗಳ ನಡುವೆ ಅವಳದು ಯಾರ ಕಿವಿಗೂ ಬೀಳದೆ ಹೋಗಬಹುದು, ಮೊದಲ ಕೆಲವು ವರ್ಷ ಆದಾಯ ಏನೂ ಇಲ್ಲದಿರಬಹುದು. ನಿಮ್ಮ ಸಾಲದ ಕಂತು ಆ ಹಾಡುಗಳನ್ನು ನಂಬಿಕೊಂಡಿದ್ದರೆ ಈ ದಾರಿ ಮನೆಯಲ್ಲಿ ಮನಸ್ತಾಪಕ್ಕೆ ಎಡೆಮಾಡುತ್ತದೆ.

ನನ್ನ ಮನಸ್ಸು ಒಪ್ಪುವುದು ನಡುವಿನ ದಾರಿಯನ್ನು. ಹನ್ನೆರಡರ ಬದಲು ಮೂರು ಅಥವಾ ನಾಲ್ಕು ಹಾಡು ಕೊಡಿ. ಅವುಗಳ ಧ್ವನಿಮುದ್ರಿಕೆಯ ಹಕ್ಕು ಕಂಪನಿಗಿರಲಿ. ಸಾಹಿತ್ಯ ಮತ್ತು ಮಟ್ಟಿನ ಹಕ್ಕು ಮಗಳಲ್ಲೇ ಉಳಿಯಲಿ, ಕಂಪನಿಗೆ ಏಳೋ ಹತ್ತೋ ವರ್ಷದ ಪರವಾನಗಿ ಸಾಕು. ಬೇರೆಡೆ ಹಾಡಬಾರದೆಂಬ ನಿರ್ಬಂಧ ಆ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡುವುದಕ್ಕೆ ಮಾತ್ರ ಅನ್ವಯಿಸಲಿ, ವೇದಿಕೆಗೆ ಮತ್ತು ಅವಳ ಮುಂದಿನ ಹಾಡುಗಳಿಗೆ ಬೇಡ. ಒಂದು ವರ್ಷದೊಳಗೆ ಬಿಡುಗಡೆಯಾಗದ ಹಾಡು ತಾನಾಗಿ ಮರಳಲಿ. ಪ್ರತಿ ಹಾಡಿನ ಜೊತೆ ಅವಳ ಹೆಸರು ಕವಯಿತ್ರಿಯಾಗಿ, ಸಂಯೋಜಕಿಯಾಗಿ, ಗಾಯಕಿಯಾಗಿ, ಮೂರು ಕಡೆಯೂ ಇರಲಿ. ಇದರಿಂದ ಮೊತ್ತ 60 ಸಾವಿರದಿಂದ 15 ಅಥವಾ 20 ಸಾವಿರಕ್ಕೆ ಇಳಿಯಬಹುದು. ಕಂಪನಿ ಎದ್ದುಹೋಗುವ ಸಾಧ್ಯತೆಯೂ ಇದೆ, ಅದನ್ನು ಮುಚ್ಚಿಟ್ಟು ಸಲಹೆ ಕೊಡಲಾರೆ. ಆದರೆ ಹಾಡಿನಲ್ಲಿ ನಿಜವಾದ ಆಸಕ್ತಿ ಇರುವವರು ಸಾಮಾನ್ಯವಾಗಿ ಮಾತಿಗೆ ಕೂರುತ್ತಾರೆ.

ಸಾಲದ ವಿಚಾರವನ್ನು ಹಾಡಿನಿಂದ ಬೇರ್ಪಡಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಂತಿನ ಗಡುವು ತಲೆಯಲ್ಲಿಟ್ಟುಕೊಂಡು ಓದಿದ ಒಪ್ಪಂದದಲ್ಲಿ ಮೊತ್ತ ಮಾತ್ರ ಕಾಣುತ್ತದೆ. ಬ್ಯಾಂಕಿನೊಂದಿಗೆ ಅವಧಿ ವಿಸ್ತರಣೆಯ ಮಾತು ಆಡಬಹುದು. ಮಾರಿದ ಹಾಡಿನ ಬಗ್ಗೆ ಮತ್ತೆ ಮಾತಿಗೆ ಕೂರಲು ಸಾಮಾನ್ಯವಾಗಿ ಯಾರೂ ಒಪ್ಪುವುದಿಲ್ಲ.

ಇಂಗ್ಲಿಷ್ ಬಾರದು ಎಂದು ಸಂಕೋಚದಿಂದ ಬರೆದಿದ್ದೀರಿ. ಡಾಲಿಯ ಅಪ್ಪನಿಗೂ ಅಕ್ಷರ ಬಾರದೆಂಬ ಸಂಕೋಚ ಜೀವನವಿಡೀ ಇತ್ತು. ಆತ ತಾನು ಕಂಡ ಅತ್ಯಂತ ಬುದ್ಧಿವಂತರಲ್ಲಿ ಒಬ್ಬರು ಎಂದು ಮಗಳು ಹೇಳುತ್ತಾರೆ. 1995ರಲ್ಲಿ ತಮ್ಮ ಜಿಲ್ಲೆಯ ಮಕ್ಕಳಿಗೆ ಪ್ರತಿ ತಿಂಗಳೂ ಅಂಚೆಯಲ್ಲಿ ಒಂದು ಪುಸ್ತಕ ಕಳಿಸುವ ಯೋಜನೆಯನ್ನು ಡಾಲಿ ಆರಂಭಿಸಿದ್ದು ಆ ಅಪ್ಪನನ್ನು ನೆನೆದು. ಅದರಿಂದ ಇದುವರೆಗೆ 20 ಕೋಟಿಗೂ ಹೆಚ್ಚು ಪುಸ್ತಕಗಳು ಮಕ್ಕಳ ಕೈಸೇರಿವೆ. ಯೋಜನೆ ಬೆಳೆದದ್ದನ್ನು ನೋಡಿದ ಅಪ್ಪನಿಗೆ ಬಹಳ ಹೆಮ್ಮೆಯಿತ್ತಂತೆ.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಒಪ್ಪಂದದ ಕನ್ನಡ ಅನುವಾದ ಬೇಕೆಂದೂ, ಓದಿಕೊಳ್ಳಲು ಹದಿನೈದು ದಿನ ಬೇಕೆಂದೂ ಕಂಪನಿಗೆ ಮಗಳ ಕೈಯಿಂದಲೇ ಬರೆಸಿ, ಫೋನಿನಲ್ಲಿ ಬೇಡ. ಕೊಟ್ಟರೆ 11 ಪುಟಗಳನ್ನೂ ಅವಳು ನಿಮಗೆ ಗಟ್ಟಿಯಾಗಿ ಓದಿ ಹೇಳಲಿ, ಅರ್ಥವಾಗದ ಸಾಲಿನ ಪಕ್ಕ ಗೆರೆ ಹಾಕಿ, ಆ ಪ್ರತಿಯನ್ನು ವಕೀಲರೊಬ್ಬರಿಗೆ ತೋರಿಸಿ. ನನಗೇ ಕಳಿಸಿದರೂ ಆದೀತು, ಶುಲ್ಕದ ಚಿಂತೆ ಬೇಡ. ಶುಕ್ರವಾರ ದಾಟಿದರೆ ಒಂದು ದಿನವೂ ಕಾಯುವುದಿಲ್ಲ ಎಂದು ಅವರು ಉತ್ತರಿಸಿದರೆ, ಐದು ವರ್ಷ ಇವರ ಜೊತೆ ಮಗಳ ಬದುಕು ಹೇಗಿರುತ್ತದೆ ಎಂಬ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಂತಾಗುತ್ತದೆ.